ಹೆಸರು ಹೊಲಿಯದ ನೀಲಿ ಅಂಗಿ

ಗದಗ, ಫೆಬ್ರವರಿ ಮೂವತ್ತು, ೨೧೯೧

ಹಿಂದಿನ ಕಾಲದ ಹಿರಿಯರಿಗೆ ನೀಲಗಂಗಾಳ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಯ ಮೂವತ್ತು ದಿನ ನಮಗೀಗ ರೂಢಿಯಾಗಿದೆ. ನನ್ನ ಕೆಲವು ಶಬ್ದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ಉಟ್ಟಂಗಡಿ ನಡೆಸುವವಳು. ಒಬ್ಬರು ಉಟ್ಟು ಬಿಟ್ಟ ಬಟ್ಟೆಯನ್ನು ಇನ್ನೊಬ್ಬರು ಕೊಳ್ಳುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ.

ನೀವು ಅಜ್ಜಿಯ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತಿದ್ದಿರಂತೆ! ಇಲ್ಲಿ ಅದನ್ನು ಹೇಳಿದರೆ ಜನ ಹೌಹಾರುತ್ತಾರೆ. ಹೊಸ ಬಟ್ಟೆ ತೊಟ್ಟವರನ್ನು ಕಂಡರೆ, ಪಾಪ, ಇವರಿಗೆ ಕೊಡುವವರು ಯಾರೂ ಇಲ್ಲವೇನೋ ಎಂದು ನಾವು ಮರುಗುತ್ತೇವೆ. ನೂರಾರು ಸಲ ಒಗೆಸಿಕೊಂಡ ಹತ್ತಿಬಟ್ಟೆ ಮೈಗೆ ಹಿತ. ಆ ಹಿತ ಮಗ್ಗದಿಂದ ಆಗತಾನೇ ಇಳಿದ ಬಟ್ಟೆಗೆ ಎಲ್ಲಿಂದ ಬರಬೇಕು? ಗಿರಾಕಿಗಳು ಮೊದಲು ಕೇಳುವುದು ಬೆಲೆಯನ್ನಲ್ಲ, ಇದು ಯಾರದು ಎಂದು. ಬಟ್ಟೆಯ ಒಳಬದಿಯಲ್ಲಿ ಉಟ್ಟವರ ಹೆಸರು ಹೊಲಿದಿರುತ್ತದೆ. ಅಂಗಡಿಯವರು ಅವರ ಬಗ್ಗೆ ಒಂದು ನಿಜವಾದ ಸಂಗತಿ ಹೇಳಬೇಕು. ಅದಕ್ಕೆ ಗುರುತುಮಾತು ಎನ್ನುತ್ತೇವೆ. ಈ ರವಿಕೆಯವಳು ಹಾಡು ಹೇಳದೆ ಎಮ್ಮೆ ಕರೆದವಳಲ್ಲ, ಈ ಕೋಟಿನವನು ಮೂರು ಹೆಣ್ಣು ಬೇಡವೆಂದು ಕೊನೆಗೆ ಮೊದಲಿನವಳನ್ನೇ ಮದುವೆಯಾದ, ಹೀಗೆ. ಹೆಸರಿಲ್ಲದ ಬಟ್ಟೆಯನ್ನು ಮಾತ್ರ ಕತ್ತರಿಸಿ, ತುಂಡು ಜೋಡಿಸಿ ಹೊಲಿಯುವ ಕೌದಿಗೆ ಹಾಕುತ್ತೇವೆ.

ಹೋದ ವರ್ಷ ನನ್ನ ಮಗ ಶಂಭುಲಿಂಗ ಜ್ವರದಲ್ಲಿ ತೀರಿಕೊಂಡ. ಇಪ್ಪತ್ತಾರು ವರ್ಷ ಅವನಿಗೆ. ತೀರಿಕೊಂಡವರ ಬಟ್ಟೆ ಮೂರು ತಿಂಗಳೊಳಗೆ ಉಟ್ಟಂಗಡಿ ಸೇರಬೇಕೆಂಬುದು ನಮ್ಮ ಪದ್ಧತಿ. ಎಷ್ಟೋ ತಾಯಂದಿರಿಗೆ ಬುದ್ಧಿ ಹೇಳಿ ಬಟ್ಟೆ ಇಸಿದುಕೊಂಡವಳು ನಾನು. ಅವನ ನೀಲಿ ಅಂಗಿಯನ್ನು ತಂದೇನೋ ತಂದೆ, ಹೆಸರು ಮಾತ್ರ ಹೊಲಿಯಲಿಲ್ಲ. ಹೊಲಿದರೆ ಗುರುತುಮಾತು ಹೇಳಬೇಕಲ್ಲ. ಅಂಗಿಯನ್ನು ರಾಶಿಯ ಅಡಿಗೆ ತುರುಕಿಟ್ಟೆ.

ಮೊನ್ನೆ ಮುಕ್ತಾ ಎಂಬ ಹುಡುಗಿ ಕೆಲಸಕ್ಕೆ ಹಾಕಿಕೊಂಡು ಹೋಗಲು ಅಂಗಿ ಹುಡುಕುತ್ತ ಅದನ್ನೇ ಎಳೆದಳು. ಯಾರದೆಂದು ಕೇಳಿದಳು. ಗೊತ್ತಿಲ್ಲ ಎಂದುಬಿಟ್ಟೆ. ಮೂವತ್ತು ವರ್ಷದಲ್ಲಿ ಅಂಗಡಿಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

“ಹಂಗಾರ ಕೌದಿಗೆ ಹಾಕೂಣು ಬಿಡ್ರಿ ಅಕ್ಕಾರ,” ಎಂದು ಅವಳು ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು.

ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. “ಬ್ಯಾಡವ್ವಾ, ನನ್ನ ಮಗಂದದು.”

ಗುರುತುಮಾತು ಒಂದೇ ಸಾಕಿತ್ತು. ಆದರೆ ಅವನು ಮಿರ್ಚಿ ಭಜಿ ತಿಂದು ನನ್ನ ಸೆರಗಿಗೇ ಕೈ ಒರೆಸುತ್ತಿದ್ದುದು, ಈಜು ಬಾರದಿದ್ದರೂ ಗೆಳೆಯರ ಮುಂದೆ ಜಂಬ ಮಾಡಿ ಕೆರೆಗೆ ಹಾರಿದ್ದು, ಎಲ್ಲ ಹೇಳಿದೆ. ಮುಕ್ತಾ ನಕ್ಕಳು. ವರ್ಷದ ನಂತರ ನಾನೂ ನಕ್ಕೆ, ಕಣ್ಣೀರು ಸುರಿಯುತ್ತಲೇ ಇತ್ತು. ಆಮೇಲೆ ಹೆಸರು ಹೊಲಿದುಕೊಟ್ಟೆ. ಅವಳಿಗೆ ತೋಳು ಉದ್ದವಾಯಿತು, ಮಡಚಿಕೊಂಡು ಹೋದಳು.

ಇಷ್ಟು ಬರೆದದ್ದು ಒಂದು ಬೇಡಿಕೆಗಾಗಿ. ನಿಮ್ಮ ಟ್ರಂಕಿನಲ್ಲಿಯೂ ಯಾರದೋ ಬಟ್ಟೆ ಮಡಿಕೆ ಬಿಚ್ಚದೆ ಕುಳಿತಿರಬಹುದು. ಹೊರಗೆ ತೆಗೆಯಿರಿ. ಅಳು ಬಂದರೆ ಅಳಿ. ಆಮೇಲೆ ಅದು ಯಾರ ಮೈಗೆ ಹೊಂದುತ್ತದೆ ನೋಡಿ, ಅವರನ್ನು ಹತ್ತಿರ ಕೂಡಿಸಿಕೊಂಡು ಉಟ್ಟವರ ಕಥೆ ಹೇಳಿ.