ಕಿಟಕಿ ಸರಳಿಗೆ ಕಟ್ಟಿದ ಮಗು

ಗಾಜಿನಂಗಡಿಯ ಮೇಲಿನ ಮನೆ
ಮಾರ್ಚ್ ಹತ್ತು, ಭಾನುವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣು. ಹೆತ್ತ ಕರುಳು, ಕೇಳದೆ ಇರಲಾಗದು. ಕೇಳಿದ್ದಾಯಿತು, ಇನ್ನು ಸುದ್ದಿ.

ನಿನ್ನ ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಫಿಟ್ಸ್ ಬರುವುದು ಅಪರೂಪವಾಗಿದೆ. ನೀನು ಹೋದ ಮೇಲೆ ನಾನೂ ನಿನ್ನ ಹೆಂಡತಿಯೂ ಅವಳನ್ನು ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಕಚ್ಚುವುದು, ಒದೆಯುವುದು, ಕೈಗೆ ಸಿಕ್ಕಿದ್ದನ್ನು ಬಿಸಾಡುವುದು, ಒಂದೂ ಬಿಡದೆ ಹೇಳಿದೆವು. “ಅದು ಕೊಬ್ಬಲ್ಲ ಅಜ್ಜಿ, ಕಾಯಿಲೆದೇ ಇನ್ನೊಂದು ಮುಖ. ಈ ಮಾತ್ರೆನೂ ಕೆಲವು ಮಕ್ಕಳಿಗೆ ಸಿಟ್ಟು ತರಿಸುತ್ತೆ” ಎಂದರು. ಮಾತ್ರೆ ಬದಲಾಯಿಸಿದರು, ಸಿಟ್ಟು ಏರುವ ಮೊದಲೇ ಅವಳ ಮುಖ ನೋಡಿ ತಿಳಿಯುವುದನ್ನು ಕಲಿಸಿದರು. ಈಗಲೂ ಒಮ್ಮೊಮ್ಮೆ ತಟ್ಟೆ ಹಾರುತ್ತದೆ. ಸ್ಟೀಲಿನ ತಟ್ಟೆ, ಹಾರಲಿ ಬಿಡು.

ನೀನು ಮಾಡಿದ್ದೇನು? ಅಂಗಡಿಯ ಕನ್ನಡಿ ಒಡೆದಳೆಂದು ಗಾಜು ಬಿಗಿಯುವ ಹಗ್ಗದಲ್ಲೇ ಅವಳನ್ನು ಕಿಟಕಿ ಸರಳಿಗೆ ಕಟ್ಟಿದೆ. ಕಟ್ಟಿದ್ದಾಗಲೇ ಫಿಟ್ಸ್ ಬಂತು. ನಿನ್ನ ಹೆಂಡತಿ ಹಲ್ಲಿನಿಂದ ಗಂಟು ಬಿಚ್ಚಿದಳು. ಮಗುವಿನ ಮಣಿಕಟ್ಟು ಬಾತುಹೋಗಿತ್ತು. ನೀನೋ, “ಇವರಮ್ಮನ ಕಡೆ ರಕ್ತ ಇದು. ನಮ್ಮ ವಂಶದಲ್ಲಿ ಇಂಥದ್ದಿಲ್ಲ” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಚೀಲ ಹಿಡಿದು ನಡೆದೆ. ನಮ್ಮ ವಂಶವಂತೆ. ಹಾಲುಹಲ್ಲು ಬೀಳುವವರೆಗೂ ನಿನಗೂ ಫಿಟ್ಸ್ ಬರುತ್ತಿತ್ತು, ಮಹಾರಾಯ. ನಿನ್ನ ಸೋದರತ್ತೆಯ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದ್ದೆ. ಅವಳು ಇನ್ನೊಂದು ಕೈಯಲ್ಲಿ ನಿನ್ನ ಬೆನ್ನು ಸವರಿದಳೇ ಹೊರತು ಹಗ್ಗ ಹುಡುಕಲಿಲ್ಲ. ಇದನ್ನೀಗ ಅದೇ ಬೀದಿಗೆ, ಅದೇ ದನಿಯಲ್ಲಿ ಹೇಳಿದ್ದೇನೆ. ಸೊಸೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಈಗ ನಿನ್ನ ಹೆಸರೆತ್ತಿದರೆ ತಿರುಗಿಸುತ್ತಾರೆ. ನನ್ನ ಹೊಟ್ಟೆ ತಣ್ಣಗಾಯಿತು.

ಮಗಳು ಸರಿಹೋದಳೆಂದು ಕೇಳಿ ವಾಪಸು ಬರುವುದಾಗಿ ಚಿಕ್ಕಪ್ಪನ ಹತ್ತಿರ ಹೇಳಿಕಳಿಸಿದ್ದೀಯ. ಅವರು ಹೇಳುತ್ತಿದ್ದಂತೆಯೇ ಮಗು ಮೇಜಿನಡಿ ಸೇರಿಕೊಂಡು, “ಅಜ್ಜಿ, ಅಪ್ಪ ಮತ್ತೆ ಕಟ್ತಾರಾ?” ಎಂದು ಕೇಳಿತು. ಚಿಕ್ಕಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ. ಇದನ್ನೆಲ್ಲ ನೆನೆಯಲು ಬೇಕಾಗುತ್ತದೆ.

ನಿನ್ನ ಅಮ್ಮ

ಹೇಳಲು ಮರೆತೆ: ಅಂಗಡಿ, ಮನೆ ಎರಡನ್ನೂ ಸೊಸೆಯ ಹೆಸರಿಗೆ ಮಾಡಿದ್ದೇನೆ. ಗಾಜು ಕೊಯ್ಯುವವಳೂ ಈಗ ಅವಳೇ. ನೀನು ಬಂದರೆ ಬಾಗಿಲು ತೆಗೆಯಬೇಕೋ ಬೇಡವೋ ಎಂದು ನಿನ್ನ ಮಗಳನ್ನೇ ಕೇಳುತ್ತೇವೆ. ಮೊನ್ನೆ ಕೇಳಿದ್ದೆವು. ಬೇಡ ಎಂದಳು.