ಅಂಗಿ ಗುಂಡಿಯಷ್ಟು ಬೋಳು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ 9

ಮುದ್ದಿನ ಮೊಮ್ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಹಾಸ್ಟೆಲಿನಲ್ಲಿ ಒದ್ದೆ ತಲೆಯಲ್ಲೇ ಮಲಗಬೇಡ. ನನ್ನ ಮಂಡಿನೋವು ಎಂದಿನಂತೆಯೇ ಇದೆ. ನಿಮ್ಮ ತಾತನ ಮನಸ್ಸು ಮಾತ್ರ ಸರಿಯಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಗಿನಿಪಿಗ್ ಡುಮ್ಮನನ್ನು ನಮ್ಮಿಬ್ಬರಿಗೂ ಒಪ್ಪಿಸಿ ಹೋದೆ. ಹೆಸರಿಗಷ್ಟೇ ಇಬ್ಬರು. ಅದು ಶಿಳ್ಳೆ ಹಾಕುವುದು ತಾತನ ಚಪ್ಪಲಿ ಸದ್ದಿಗೆ ಮಾತ್ರ. ನಲವತ್ತೆರಡು ವರ್ಷದಲ್ಲಿ ನನಗೊಂದು ಈರುಳ್ಳಿ ಹೆಚ್ಚಿಕೊಡದ ಮಹಾರಾಯರು ಅದಕ್ಕೆ ದೊಣ್ಣೆಮೆಣಸಿನಕಾಯಿಯ ಬೀಜ ತೆಗೆದು, ಸಣ್ಣಗೆ ಸೀಳಿ, ಕೈಯಾರೆ ತಿನ್ನಿಸುತ್ತಾರೆ. ಅದನ್ನು ಕೇಳುವುದು "ಏನಪ್ಪಾ, ಊಟ ಆಯ್ತಾ?" ಅಂತ. ನನ್ನನ್ನು ಕೇಳುವುದು "ಊಟಕ್ಕೆ ಇಡ್ತೀಯಾ?" ಅಂತ. ಹೊಟ್ಟೆ ಉರಿಯಿತು ಕಣೇ. ಅಂಗೈಯಗಲದ ಪ್ರಾಣಿಯ ಮೇಲೆ ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು! ನಗಬೇಡ.

ಹೋದ ತಿಂಗಳು ಡುಮ್ಮನ ಮೂಗಿನ ಮೇಲೆ ಕೂದಲು ಉದುರಿ, ಕಣ್ಣಿನ ಸುತ್ತ ಬಿಳಿ ಹೊಟ್ಟು ಎದ್ದಿತು. ತಾತ ನೋಡುವ ಹೊತ್ತಿಗೆ ಬೋಳು ಕೋಟಿನ ಗುಂಡಿಯಷ್ಟಾಗಿತ್ತು. ಗಾಬರಿಯಲ್ಲಿ ತಮ್ಮದೇ ತುರಿಕೆ ಮುಲಾಮು ಬಳಿದುಬಿಟ್ಟರು. ಡುಮ್ಮ ಮುಖ ಉಜ್ಜಿಕೊಂಡು ಕಾಲು ನೆಕ್ಕಿದ. ಮಾರನೆಯ ದಿನ ಹುಲ್ಲನ್ನೂ ಮುಟ್ಟಲಿಲ್ಲ. ಪ್ರಾಣಿಗಳ ಡಾಕ್ಟರಮ್ಮ ಹೊಟ್ಟು ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, "ಹುಳುಕಡ್ಡಿ ಇದು. ನಿಮ್ಮ ಮುಲಾಮಿನಿಂದ ಇನ್ನೂ ಹೆಚ್ಚಾಗಿದೆ. ಹೊಟ್ಟೆಗೆ ಹೋದ್ರೆ ಜೀವಕ್ಕೇ ಅಪಾಯ. ಶುರುವಿನಲ್ಲೇ ಕರ್ಕೊಂಡು ಬರೋದಲ್ವಾ?" ಎಂದು ಗದರಿದರು. ತಾತ ತಲೆ ತಗ್ಗಿಸಿದರು. ನಾನು ಕೈಚೀಲದ ಹಿಡಿ ಸರಿಮಾಡಿಕೊಂಡೆ.

ಈಗ ಕೈಗವಸು ಹಾಕಿಕೊಂಡು ಡಾಕ್ಟರಮ್ಮ ಕೊಟ್ಟ ಔಷಧವನ್ನೇ ಹಚ್ಚುತ್ತೇವೆ. ಗೂಡು ಒಣಗಿರಬೇಕಂತೆ, ದಿನಾ ಹಾಸು ಬದಲಿಸಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯುತ್ತೇನೆ. ಇನ್ನೂ ಮೂರು ವಾರ ಬಿಡುವಂತಿಲ್ಲ. ಡುಮ್ಮ ಮೇವು ತಿನ್ನುತ್ತಿದ್ದಾನೆ, ಮೂಗಿನ ಮೇಲೆ ಹೊಸ ಕೂದಲೂ ಬಂದಿದೆ. ಆದರೆ ಎತ್ತಿ ಮುದ್ದಾಡಿದ ತಾತನ ಕುತ್ತಿಗೆಗೂ ಹುಳುಕಡ್ಡಿ ಅಂಟಿಕೊಂಡಿದೆ. ಅವರ ಡಾಕ್ಟರು ಬೇರೆ ಮುಲಾಮು ಕೊಟ್ಟಿದ್ದಾರೆ, ಹಚ್ಚುವವಳು ನಾನು. ಕಾಲರ್ ಇಳಿಸಿಕೊಂಡು ನನ್ನ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕೂತು, "ನನ್ನ ಕಣ್ಣೇ ಹೋಯ್ತು ಕಣೇ, ಪಾಪದ ಜೀವಾನ ಕೊಂದೇಬಿಡ್ತಿದ್ದೆ" ಎಂದು ದಿನಾ ಕೊರಗುತ್ತಾರೆ. ಊಟವೂ ಅರ್ಧಕ್ಕೇ.

ಚೆನ್ನಾಗಿ ಓದು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಜ್ಜಿ

ಇನ್ನೊಂದು ಮಾತು: ಮೂವತ್ತು ವರ್ಷ ಬಟ್ಟೆ ಹೊಲಿದ ಕಣ್ಣು ನನ್ನದು, ಒಂದು ನೂಲು ಎದ್ದರೂ ಕಾಣುತ್ತದೆ. ಆ ಬೋಳು ಅಂಗಿ ಗುಂಡಿಯಷ್ಟಿದ್ದಾಗಲೇ, ತಾತ ನೋಡುವ ಹತ್ತು ದಿನ ಮೊದಲೇ, ನಾನು ನೋಡಿದ್ದೆ. ಹೇಳಲಿಲ್ಲ. ಅದರ ಅಂದ ಕೆಟ್ಟರೆ ಮುದ್ದೂ ಕಡಿಮೆಯಾಗಲಿ ಅಂದುಕೊಂಡೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಬೆಕ್ಕು ನಾನೇ. ಅವರ ಎದುರು ನಿಂತು ಹೇಳಲು ಬಾಯಿ ಬರುತ್ತಿಲ್ಲ. ನಿನಗೆ ಗೊತ್ತಲ್ಲ, ನಾನು ಬರೆದ ಕಾಗದವನ್ನು ಅವರು ಓದಿ, ಕೆಳಗೊಂದು ಸಾಲು ಸೇರಿಸಿಯೇ ಲಕೋಟೆ ಅಂಟಿಸುವುದು. ಇದನ್ನೂ ಅವರ ಕೈಗೇ ಕೊಡುತ್ತಿದ್ದೇನೆ.

ತಾತನ ಸಾಲು: ಓದಿದೆ. ಎರಡು ದಿನ ಇವಳ ಜೊತೆ ಮಾತಿಲ್ಲ. ಈರುಳ್ಳಿ ಹೆಚ್ಚಿಟ್ಟಿದ್ದೇನೆ.