ಈ ಸಲದ ಪಂಚಮಿ

ಬಾಗಲಕೋಟೆ
ಜುಲೈ 1979

ಅವ್ವನ ಪಾದಗಳಿಗೆ ಗುರುಲಿಂಗವ್ವ ಮಾಡುವ ಶರಣು.

ಈ ಸಲ ಪಂಚಮಿಗೆ ಇಳಕಲ್ಲಿಗೆ ಬರಲಾಗುವುದಿಲ್ಲ. ಹಬ್ಬದ ಮರುದಿನವೇ ಕಾಲೇಜಿನಲ್ಲಿ ಭೌತಶಾಸ್ತ್ರದ ಪರೀಕ್ಷೆ ಇದೆ. ವಿಜ್ಞಾನದಲ್ಲಿ ಅಂಕ ಕಡಿಮೆ ಬಿದ್ದರೆ ನರ್ಸಿಂಗ್ ಶಾಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಸೀರೆ ಅಂಗಡಿಯ ಮಾಲಕರೂ, "ಹಬ್ಬದಾಗ ಗಿರಾಕಿ ಭಾಳ, ನೀ ಹೋದ್ರ ಹೆಂಗವಾ?" ಅಂದರು. ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿ ನಾನು ಆರಾಮ ಇದ್ದೇನೆ. ಕಾಲೇಜು ಮುಗಿಸಿ ಅಂಗಡಿಗೆ ಹೋದರೆ, "ಸೆರಗು ನೋಡ್ರಿ, ಬಣ್ಣ ಹೋಗಂಗಿಲ್ರಿ" ಎಂದು ಸಂಜೆಯವರೆಗೂ ಮಾತೇ ಮಾತು. ಬಾಡಿಗೆಯ ಖೋಲಿಗೆ ಬಂದ ಮೇಲೆ ಪಾಠವನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಮೊನ್ನೆ ಜೀವಶಾಸ್ತ್ರದ ಮೇಡಂ ನಾಡಿ ನೋಡುವುದನ್ನು ಕಲಿಸಿ, "ಮನ್ಯಾಗ ಎಲ್ಲಾರ ಕೈ ಹಿಡದು ಎಣಿಸ್ಕೊಂಡು ಬರ್ರಿ" ಅಂದರು. ಉಳಿದವರು ಅಪ್ಪನದು, ಅಜ್ಜಿಯದು, ತಂಗಿಯದು ಎಂದು ಬರೆದುಕೊಂಡು ಬಂದಿದ್ದರು. ನಾನು ನನ್ನದೊಂದನ್ನೇ ಬರೆದುಕೊಂಡು ಹೋದೆ.

ಹಬ್ಬಕ್ಕೆ ಕಟ್ಟುವ ಉಂಡಿಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಬೇಡ. ಹಬ್ಬ ಮುಗಿದ ಮೇಲೆ ಒಂದು ದಿನ ಮಗ್ಗ ನಿಲ್ಲಿಸಿ ನೀನೇ ತೆಗೆದುಕೊಂಡು ಬಾ. ಬಂದು ಬಳೆಯನ್ನು ಸ್ವಲ್ಪ ಮೇಲೆ ಸರಿಸಿ ಕೂತರೆ ಸಾಕು. ನನಗಿನ್ನೂ ಎಣಿಕೆ ತಪ್ಪುತ್ತದೆ, ಮತ್ತೆ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ತಡವಾಯಿತೆಂದು ಕೈ ಬಿಡಿಸಿಕೊಳ್ಳಬೇಡ.

ನಿನ್ನ ದಾರಿ ನೋಡುವ,
ಗುರುಲಿಂಗವ್ವ